ಕ್ರಿಗ್ಲರ್–ನಜ್ಜಾರ್ ಕಾಮಾಲೆ: ನೀಲಿ ದೀಪವೋ, ಯಕೃತ್ತಿನ ಕಸಿಯೋ?

ನವಜಾತ ಶಿಶುವಿನ ಸಾಮಾನ್ಯ ಕಾಮಾಲೆ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಹಾಗೆ ಇಳಿಯದೆ ಪರೋಕ್ಷ ಬಿಲಿರುಬಿನ್ (ಯಕೃತ್ತು ಇನ್ನೂ ಸಂಸ್ಕರಿಸದ ಹಳದಿ ವರ್ಣದ್ರವ್ಯ) ಏರುತ್ತಲೇ ಹೋಗಿ, ಯಕೃತ್ತಿನ ಇತರ ಪರೀಕ್ಷೆಗಳೆಲ್ಲ ಸಹಜವಾಗಿದ್ದು, ರಕ್ತಕಣಗಳು ಒಡೆಯುತ್ತಿರುವ ಲಕ್ಷಣವೂ ಕಾಣದಿದ್ದರೆ, 1952ರಲ್ಲಿ ಮೊದಲು ವರ್ಣಿಸಲಾದ ಕ್ರಿಗ್ಲರ್–ನಜ್ಜಾರ್ ಎಂಬ ಆನುವಂಶಿಕ ಕಾಯಿಲೆಯನ್ನು ಶಂಕಿಸಬೇಕು; ಬಿಲಿರುಬಿನ್ನನ್ನು ಸಂಸ್ಕರಿಸುವ ಯಕೃತ್ತಿನ ಕಿಣ್ವವನ್ನು ರೂಪಿಸುವ ಯುಜಿಟಿ1ಎ1 ಜೀನಿನ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ಈ ಕಾಯಿಲೆಯಲ್ಲಿ ಎರಡು ಬಗೆ: ಮೊದಲನೆಯದರಲ್ಲಿ ಆ ಕಿಣ್ವ ಬಹುತೇಕ ಕೆಲಸವನ್ನೇ ಮಾಡುವುದಿಲ್ಲ, ಎರಡನೆಯದರಲ್ಲಿ ಅಲ್ಪಸ್ವಲ್ಪ ಮಾಡುತ್ತದೆ. ಎರಡನೆಯ ಬಗೆಯಲ್ಲಿ ಫಿನೋಬಾರ್ಬಿಟಾಲ್‌ನಿಂದಲೇ ಬಿಲಿರುಬಿನ್ ಗಣನೀಯವಾಗಿ ತಗ್ಗುವುದರಿಂದ ಕಸಿಯ ಮಾತು ಸಾಮಾನ್ಯವಾಗಿ ಬರುವುದಿಲ್ಲ. ಮೊದಲನೆಯ ಬಗೆಗೆ ಆ ಔಷಧ ನಾಟದು. ಆಯ್ಕೆಯ ಪ್ರಶ್ನೆ ಇರುವುದು ಅಲ್ಲಿಯೇ.

ನೀಲಿ ಬೆಳಕಿನಿಂದ ಚರ್ಮದಲ್ಲಿನ ಬಿಲಿರುಬಿನ್ನನ್ನು ದೇಹ ಹೊರಹಾಕಬಲ್ಲ ರೂಪಕ್ಕೆ ತರುವ ದೀಪಚಿಕಿತ್ಸೆಗೆ ಶಸ್ತ್ರಕ್ರಿಯೆಯ ಅಪಾಯವಿಲ್ಲ, ಮನೆಯಲ್ಲೂ ನಡೆಸಬಹುದು. ಆದರೆ ಪ್ರತಿದಿನ 10–12 ಗಂಟೆ ಬೇಕು. ಮಗು ಬೆಳೆದಂತೆ ಚರ್ಮ ದಪ್ಪವಾಗಿ, ಮೈತೂಕಕ್ಕೆ ಹೋಲಿಸಿದರೆ ಅದರ ಹರವು ಕಡಿಮೆಯಾಗಿ, ದೀಪದ ಫಲ ಕುಗ್ಗುತ್ತದೆ. ಆಗ ಒಂದು ಜ್ವರವೋ ಉಪವಾಸವೋ ಬಂದರೂ ಬಿಲಿರುಬಿನ್ ಮಿದುಳಿಗೆ ಹಾನಿ ಮಾಡುವ ಮಟ್ಟಕ್ಕೇರಬಹುದು. ಕಸಿ ಕಿಣ್ವದ ಕೊರತೆಯನ್ನೇ ನೀಗಿಸುತ್ತದೆ. ಅದಕ್ಕೆ ಪ್ರತಿಯಾಗಿ ದೀರ್ಘಕಾಲ, ಬಹುಪಾಲು ಜೀವನವಿಡೀ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸಬೇಕಾಗುತ್ತದೆ. ಆಗಿಹೋದ ಮಿದುಳಿನ ಹಾನಿಯನ್ನು ಕಸಿ ಪೂರ್ತಿ ಸರಿಪಡಿಸಲಾರದಾದ್ದರಿಂದ, ಶೈಶವದಲ್ಲಿ ದೀಪವನ್ನೇ ನೆಚ್ಚಿದರೂ ಹದಿಹರೆಯಕ್ಕೆ ಬಹಳ ಮುನ್ನವೇ ಕಸಿಯ ವೈದ್ಯರನ್ನು ಕಾಣುವುದು ಲೇಸೆಂದು ನನ್ನ ಅಭಿಪ್ರಾಯ. ವಿದ್ಯುತ್ ಪದೇಪದೇ ಕೈಕೊಡುವ, ಆಸ್ಪತ್ರೆಯೂ ದೂರವಿರುವ ಊರಿನವರು ಇನ್ನೂ ಬೇಗ ಕಾಣಬೇಕು.