ಪಿಡಿಎಫ್ ಒಳಗಿನ ತಾರೀಖು ಸರಿ ಮಾಡೋಕೆ ಪೈಕ್‌ಪಿಡಿಎಫ್: ಬಳಸಿ ನೋಡಿದ್ಮೇಲೆ

2018ರ ಆಗಸ್ಟ್‌ನಲ್ಲಿ ಕೊಡಗಲ್ಲಿ ಗುಡ್ಡ ಜಾರಿ ಮನೆ ಜೊತೆ ಕಾಗದಪತ್ರನೂ ಮಣ್ಣಲ್ಲಿ ಹೋದದ್ದು ಕಂಡ್ಮೇಲೆ ನಾವೂ ತೋಟದ ಆರ್‌ಟಿಸಿ, ಜಮ್ಮಾ ಬಾಣೆ (ಕೊಡಗಿನ ಹಳೇ ಪದ್ಧತಿಯ ಜಮೀನು) ಕಾಗದ, ಕಾಫಿ ಕ್ಯೂರಿಂಗ್ ವರ್ಕ್ಸ್ ರಶೀದಿ ಎಲ್ಲ ಸ್ಕ್ಯಾನ್ ಮಾಡಿಸಿ ಇಟ್ಟಿದೀವಿ, ಆದ್ರೆ ಅಂಗಡಿ ಸ್ಕ್ಯಾನರ್ ಗಡಿಯಾರ ಸರಿ ಇಲ್ದೆ ಎಲ್ಲದಕ್ಕೂ 2000ದ ಜನವರಿ 1 ಅಂತ ಬಿದ್ದಿತ್ತು, ಒಂದೇ ಆರ್‌ಟಿಸಿಯ ಯಾವ ಕಾಪಿ ಹಳೇದು ಯಾವ್ದು ಹೊಸದು ಗೊತ್ತಾಗ್ತಾನೇ ಇರ್ಲಿಲ್ಲ. ಪುಣ್ಯಕ್ಕೆ ಸ್ಕ್ಯಾನ್ ಮಾಡಿಸಿದ ದಿನ ಫೈಲ್ ಹೆಸರಲ್ಲೇ ಉಂಟು, ಅದನ್ನ ಓದಿ ಒಳಗೆ ಹಾಕೋಕೆ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಸಾಕು.

ಪಿಡಿಎಫ್ ತಿದ್ದೋಕೆ ಪೈಥಾನಲ್ಲಿ ಪೈಪಿಡಿಎಫ್, ಪೈಕ್‌ಪಿಡಿಎಫ್ ಅಂತ ಎರಡು ಲೈಬ್ರರಿ (ಸಿದ್ಧ ಕೋಡ್ ಕಟ್ಟು) ಉಂಟು, ಮೊದ್ಲು ಪೈಪಿಡಿಎಫ್ ಹಾಕಿ ನೋಡ್ದೆ. ಸುಲಭ, ಕಲಿಯೋಕೆ ಒಳ್ಳೇದು. (ಹಳೇ ಪಾಠಗಳಲ್ಲಿ ಪೈಪಿಡಿಎಫ್2 ಅಂತಿರುತ್ತೆ, ಅದು ನಿಂತೋಗಿದೆ, ಹೊಸದೆಲ್ಲ ಪೈಪಿಡಿಎಫ್‌ಗೇ ಬರೋದು.) ಆದ್ರೆ ತಾರೀಖನ್ನ ನಾವೇ ಪಿಡಿಎಫ್ ರೂಢಿಯಲ್ಲಿ ಬರೀಬೇಕು, ಇಂಗ್ಲಿಷಿನ ದೊಡ್ಡ ಡಿ, ಕೋಲನ್, ಆಮೇಲೆ ವರ್ಷ ತಿಂಗಳು ದಿನ ಗಂಟೆ ನಿಮಿಷ ಸೆಕೆಂಡು ಜಾಗ ಬಿಡದೆ 20190211103000, ಕೊನೇಲಿ ನಮ್ಮ ಸಮಯಕ್ಕೆ +05'30'. ಅದೂ ಪರವಾಗಿಲ್ಲ. ನಿಜವಾದ ತೊಂದರೆ ಅಂದ್ರೆ ಪಿಡಿಎಫಲ್ಲಿ ತಾರೀಖು ಎರಡು ಕಡೆ ಕೂತಿರಬಹುದು, ಫೈಲಿನ ವಿವರ ಇಡೋ ಹಳೇ ಪಟ್ಟಿ ಇನ್ಫೋ ಡಿಕ್ಷನರಿ ಒಂದು, ಅದೇ ವಿವರ ಎಕ್ಸ್‌ಎಂಎಲ್ ರೂಪದಲ್ಲಿ ಇಡೋ ಎಕ್ಸ್‌ಎಂಪಿ ಇನ್ನೊಂದು. ಪೈಪಿಡಿಎಫ್‌ನ ಆಡ್ ಮೆಟಾಡೇಟಾ ಅನ್ನೋ ಆಜ್ಞೆ ಬದಲಾಯಿಸೋದು ಇನ್ಫೋ ಮಾತ್ರ, ಎಕ್ಸ್‌ಎಂಪಿಲಿ ಆ 2000 ಹಾಗೇ ಉಳೀತು.

ಪೈಕ್‌ಪಿಡಿಎಫ್ ನಂಗೆ ಹಿಡಿಸಿದ್ದು ಇಲ್ಲೇ. ಓಪನ್ ಮೆಟಾಡೇಟಾ ಅಂತ ತೆಗೆದು ಎಕ್ಸ್‌ಎಂಪಿಯ ಕ್ರಿಯೇಟ್ ಡೇಟ್ ಕೊಟ್ರೆ ಇನ್ಫೋದಲ್ಲಿರೋ ಕ್ರಿಯೇಶನ್ ಡೇಟನ್ನೂ ತಾನೇ ಸರಿ ಮಾಡುತ್ತೆ, ಆ ಡಿ-ಕೋಲನ್ ರೂಪಕ್ಕೂ ತಾನೇ ತಿರುಗಿಸುತ್ತೆ. ಎರಡೂ ಕಡೆ ಒಂದೇ ತಾರೀಖು, ಎಷ್ಟು ಸಮಾಧಾನ! ದುಡ್ಡು ಕೊಡೋ ಹಾಗಿಲ್ಲ, ಜಮೀನಿನ ಕಾಗದ ಯಾವುದೋ ವೆಬ್‌ಸೈಟಿಗೆ ಅಪ್‌ಲೋಡ್ ಮಾಡೋದೂ ಬೇಡ, ಒಂದ್ಸಲ ಇನ್‌ಸ್ಟಾಲ್ ಆದ್ರೆ ಕಕ್ಕಡ (ಆಟಿ ತಿಂಗಳ) ಮಳೇಲಿ ನೆಟ್ ಹೋದ್ರೂ ಲ್ಯಾಪ್‌ಟಾಪ್ ಬ್ಯಾಟರಿ ಇದ್ರೆ ಕೆಲಸ ನಡೆಯುತ್ತೆ. ಒಂದೇ ಕಿರಿಕಿರಿ, ಪ್ರೊಡ್ಯೂಸರ್ (ಪಿಡಿಎಫ್ ಮಾಡಿದ ಸಾಫ್ಟ್‌ವೇರ್) ಜಾಗದಲ್ಲಿ ತನ್ನ ಹೆಸರು ಬರ್ಕೊಳ್ಳುತ್ತೆ, ಬೇಡ ಅಂದ್ರೆ ಅದನ್ನ ಆಫ್ ಮಾಡೋ ಆಯ್ಕೆ ಇದೆ.

1974ರ ಕಾಗದ ಅಂತ ಕ್ರಿಯೇಶನ್ ಡೇಟಿಗೆ 1974 ಹಾಕ್ಬೇಡಿ ದಯವಿಟ್ಟು, ಅದು ಪಿಡಿಎಫ್ ಹುಟ್ಟಿದ ದಿನ, ಕಾಗದದ ವರ್ಷ ಟೈಟಲ್‌ನಲ್ಲಿ ಬರೀರಿ. ಡಿಜಿಟಲ್ ಸಹಿ ಇರೋ ಫೈಲನ್ನಂತೂ ಮುಟ್ಲೇಬೇಡಿ, ತಿರುಗಿ ಸೇವ್ ಮಾಡಿದ್ರೆ ಸಹಿ ಕೆಡುತ್ತೆ. ಮತ್ತೆ ಫೋಲ್ಡರಲ್ಲಿ ಕಾಣೋ ಮಾಡಿಫೈಡ್ ತಾರೀಖು ಕಂಪ್ಯೂಟರಿಂದು, ಪಿಡಿಎಫ್ ಒಳಗಿನದಲ್ಲ, ಅದೂ ಬದಲಾಗ್ಬೇಕಿದ್ರೆ ಪೈಥಾನಿನ ಓಎಸ್ ಯುಟೈಮ್ (os.utime) ಅನ್ನೋ ಆಜ್ಞೆ ಬೇರೆ ಬಳಸ್ಬೇಕು.