ವೈಫೈ ಲಾಗಿನ್ ಪೇಜ್ ಬರವಲ್ದು ಅಂತ ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡಬ್ಯಾಡ್ರಿ

ಬಾಗಲಕೋಟಿ ಕಡೆ ರೂಮ್ ಮಾಡ್ಕೊಂಡು ಓದೋ ಹುಡುಗ್ರು, ಹುಡುಗ್ಯಾರು, ಅವರ ಮನಿಯವ್ರು ದಯವಿಟ್ಟು ಇದನ್ನ ಪೂರ್ತಿ ಓದ್ರಿ. ಪಬ್ಲಿಕ್ ವೈಫೈಗೆ ಲ್ಯಾಪ್‌ಟಾಪ್ ಕನೆಕ್ಟ್ ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕ ನಮ್ಮ ತಂಗಿ ಎಂಎ ಪ್ರಾಜೆಕ್ಟ್ ಕೆಲಸ ಎಲ್ಲಾ ಅಳಿಸಿ ಹೋಗೇತಿ, ಮ್ಯಾಲ ಮೂರು ಸಾವಿರಕ್ಕಿಂತ ಜಾಸ್ತಿ ರೊಕ್ಕಾನೂ ತಗೊಂಡಾರ, ಆದ್ರ ಆ ಲ್ಯಾಪ್‌ಟಾಪ್‌ದಾಗ ಕೆಟ್ಟ ಪಾರ್ಟ್ ಅನ್ನೋದು ಒಂದೂ ಇರಲಿಲ್ಲ.

ನವನಗರದಾಗ ಒಂದು ರೀಡಿಂಗ್ ರೂಮ್‌ಗೆ ತಂಗಿ ಹೊಸದಾಗಿ ಸೇರಿದ್ಲು. ಅಲ್ಲಿ ವೈಫೈ ಐತಿ, ಕನೆಕ್ಟ್ ಮಾಡಿದ ಕೂಡ್ಲೆ ಒಂದು ಪೇಜ್ ಬರತೈತಿ, ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ರ ನೆಟ್ ಶುರು. ಎಲ್ಲಾರ ಫೋನ್‌ದಾಗ ಆ ಪೇಜ್ ಬರತಿತ್ತು, ಇಕಿ ಫೋನ್‌ದಾಗೂ ಬಂತು, ಲ್ಯಾಪ್‌ಟಾಪ್‌ದಾಗ ಮಾತ್ರ ವೈಫೈ ಕನೆಕ್ಟೆಡ್ ಅಂತ ತೋರಿಸಿ ಕೆಳಗ 'ನೋ ಇಂಟರ್ನೆಟ್' ಅಂತಿತ್ತು, ಪೇಜ್ ಬರಲೇ ಇಲ್ಲ. ಗೈಡ್‌ಗೆ ಚಾಪ್ಟರ್ ಕಳಿಸೋದು ತಡ ಆಗಾಕತ್ತಿತ್ತು, ನಾ ಬೆಂಗಳೂರಾಗ, ಅಲ್ಲಿ ಯಾರೋ ಒಬ್ರು ಹತ್ರದ ರಿಪೇರಿ ಅಂಗಡಿ ತೋರಿಸಿದ್ರು. ಅಂಗಡಿಯವ ಐದು ನಿಮಿಷ ನೋಡಿ 'ವೈಫೈ ಕಾರ್ಡ್ ಹೋಗೇತ್ರಿ, ವಿಂಡೋಸ್‌ನೂ ಕರಪ್ಟ್ ಆಗೇತಿ, ಬಿಟ್ಟು ಹೋಗ್ರಿ' ಅಂದ. ಡಿ ಡ್ರೈವ್‌ದಾಗ ಫೈಲ್ ಅದಾವು, ಅವನ್ನ ಮುಟ್ಟಬ್ಯಾಡ್ರಿ ಅಂತ ಇಕಿ ಬಾಯಿಬಿಟ್ಟು ಹೇಳ್ಯಾಳ. ಸಂಜಿಗೆ ವಾಪಸ್ ತಗೊಳಾಕ ಹೋದ್ರ ಡಿ ಡ್ರೈವ್ ಅನ್ನೋದೇ ಇಲ್ಲ, ಎಲ್ಲಾ ಪಾರ್ಟಿಷನ್ ತಗದು ಒಂದೇ ಮಾಡಿಟ್ಟಾನ.

ಅದರಾಗ ಏನಿತ್ತು ಅಂದ್ರ ಗುಳೇದಗುಡ್ಡದ ಖಣ ನೇಯೋರ ಮಾತು. ಕುಣಿ ಮಗ್ಗದ ಮುಂದ ಕುಂತು ಮಾಡಿದ ರೆಕಾರ್ಡಿಂಗು, ತೇರು, ಆನೆಹೆಜ್ಜಿ ಅಂತ ಒಂದೊಂದು ಖಣಕ್ಕ ಇರೋ ಹೆಸರು, ಯಾವ ಡಿಸೈನ್ ಯಾರ ಮನ್ಯಾಗ ನೇಯ್ತಿದ್ರು, ಯಾವುದು ನಿಂತು ಹೋಗೇತಿ ಅನ್ನೋದು, ಫೋಟೋ, ಟಿಪ್ಪಣಿ. ಫೋನ್ ತುಂಬಿ ಹೋಗತಿತ್ತು ಅಂತ ಎಲ್ಲಾ ಲ್ಯಾಪ್‌ಟಾಪ್‌ಗೇ ಹಾಕಿದ್ಲು. ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದ್ವಿ, ಏನೂ ಸಿಗಲಿಲ್ಲ. ಹಳೆ ಹಾರ್ಡ್ ಡಿಸ್ಕ್ ಆಗಿದ್ರ ಫಾರ್ಮ್ಯಾಟ್ ಆದ್ಮ್ಯಾಲೂ ಸ್ವಲ್ಪ ಆಸೆ ಇರತೈತಿ, ಈಗಿನ ಲ್ಯಾಪ್‌ಟಾಪ್‌ದಾಗ ಇರೋದು ಎಸ್‌ಎಸ್‌ಡಿ, ಅಳಿಸಿದ ಜಾಗಾನ ಟ್ರಿಮ್ ಅನ್ನೋ ವ್ಯವಸ್ಥೆ ತಾನಾಗೇ ಖಾಲಿ ಮಾಡಿಬಿಡತೈತಿ, ಆಮ್ಯಾಲ ತಿರುಗಿ ತಗಿಯೋದು ಆಗದ ಮಾತು.

ಇನ್ನ ಕಾರ್ಡ್ ವಿಷಯ. 'ಹೊಸ ಕಾರ್ಡ್ ಹಾಕೇನಿ' ಅಂತ ರೊಕ್ಕ ತಗೊಂಡಿದ್ನಲ್ಲ, ಅದು ಶುದ್ಧ ಸುಳ್ಳು. ಕಾಲೇಜಿನ ಕ್ಯಾಂಪಸ್ ವೈಫೈಗೆ ಸೇರಿಸುವಾಗ ಲ್ಯಾಪ್‌ಟಾಪ್‌ದ ಮ್ಯಾಕ್ ಅಡ್ರೆಸ್ (ವೈಫೈ ಕಾರ್ಡಿನ ಗುರುತಿನ ನಂಬರ್) ಫಾರ್ಮ್‌ದಾಗ ಬರಸ್ಕೊಂಡಿದ್ರು, ಆ ಫಾರ್ಮ್ ಫೋಟೋ ತಂಗಿ ಹತ್ರ ಇತ್ತು. ಈಗ ಕಮಾಂಡ್ ಪ್ರಾಂಪ್ಟ್ ತಗದು 'ಐಪಿಕಾನ್ಫಿಗ್ ಆಲ್' (ipconfig /all) ಕೊಟ್ಟು ನೋಡಿದ್ರ ಅದೇ ಅಡ್ರೆಸ್, ಒಂದು ಅಕ್ಷರ ಬದಲಾಗಿಲ್ಲ. ಮ್ಯಾಕ್ ಅಡ್ರೆಸ್ ಕಾರ್ಡಿಗೆ ಅಂಟಿಕೊಂಡೇ ಬರತೈತಿ, ಕಾರ್ಡ್ ಬದಲಾಗಿದ್ರ ಅದೂ ಬದಲಾಗಬೇಕಿತ್ತು. ಲ್ಯಾಪ್‌ಟಾಪ್ ಜೋಡಿ ಬಂದಿದ್ದ ಒರಿಜಿನಲ್ ವಿಂಡೋಸ್ ಹೋಮ್ ತಗದು ಕ್ರ್ಯಾಕ್ ಮಾಡಿದ (ಲೈಸೆನ್ಸ್ ಇಲ್ಲದ ಕಳ್ಳ) ಪ್ರೊ ಹಾಕ್ಯಾನ, ವೈರಸ್ ತಡಿಯೋ ಡಿಫೆಂಡರ್ ಬಂದ್ ಮಾಡ್ಯಾನ, ಅದಕ್ಕೂ ಬ್ಯಾರೆ ಚಾರ್ಜು. ಹಿಂಗ ವಿಂಡೋಸ್ ಹಾಕಿಯೇ ಬರೋ ಲ್ಯಾಪ್‌ಟಾಪ್‌ದಾಗ ವಿಂಡೋಸ್‌ದ ಲೈಸೆನ್ಸ್ ಕೀ ಮದರ್‌ಬೋರ್ಡ್‌ದಾಗೇ ಇರತೈತಿ, ಅದೇ ಎಡಿಷನ್ ಮತ್ತ ಹಾಕಿದ್ರ ನೆಟ್ ಸಿಕ್ಕ ಕೂಡ್ಲೆ ಆಕ್ಟಿವೇಟ್ ಆಗತೈತಿ, ರೊಕ್ಕ ಕೊಡೋ ಮಾತೇ ಇಲ್ಲ.

ನಿಜವಾದ ಕಾರಣ ಗೊತ್ತಾಗಿದ್ದು ಆಮ್ಯಾಲ, ತಂಗಿ ಗೆಳತಿ ಲ್ಯಾಪ್‌ಟಾಪ್‌ಗೂ ಅದೇ ರೀಡಿಂಗ್ ರೂಮ್‌ದಾಗ ಅದೇ ತ್ರಾಸ ಆದಾಗ. ಹಾಸ್ಟೆಲ್‌ದಾಗ ನೆಟ್ ಫಾಸ್ಟ್ ಆಗಲಿ ಅಂತ ಒಬ್ಬ ಸೀನಿಯರ್ ಇಬ್ರ ಲ್ಯಾಪ್‌ಟಾಪ್‌ದಾಗೂ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ರ ಅದರ ನಂಬರ್ ಅಡ್ರೆಸ್ ಹುಡುಕಿ ಕೊಡೋ ಸರ್ವರ್) ಗೂಗಲ್‌ದ 8.8.8.8 ಅಂತ ಕೈಲೆ ಸೆಟ್ ಮಾಡಿ ಕೊಟ್ಟಿದ್ಲು. ಮನಿ ವೈಫೈ, ಹಾಟ್‌ಸ್ಪಾಟ್ ಎಲ್ಲಾ ಕಡೆ ಅದು ಸರಿ ನಡೀತೈತಿ. ಆದ್ರ ಲಾಗಿನ್ ಪೇಜ್ ಇರೋ ವೈಫೈ ಹಂಗಲ್ಲ, ನೀವು ಓಟಿಪಿ ಕೊಡೋ ತನಕ ಹೊರಗಿನ ಯಾವ ಸರ್ವರ್‌ಗೂ ಹೋಗಾಕ ಬಿಡೂದಿಲ್ಲ, ಬಾಳ ಕಡೆ ಹೊರಗಿನ ಡಿಎನ್‌ಎಸ್‌ಗೂ ಬಿಡೂದಿಲ್ಲ. ಲ್ಯಾಪ್‌ಟಾಪ್ 8.8.8.8 ಕೇಳಕೋತ ಕುಂದರತೈತಿ, ಉತ್ತರ ಬರೂದಿಲ್ಲ, ಉತ್ತರ ಬರದ ಲಾಗಿನ್ ಪೇಜ್ ತೆರಿಯೂದಿಲ್ಲ, ಲಾಗಿನ್ ಆಗದ ನೆಟ್ ಸಿಗೂದಿಲ್ಲ. ವಿಂಡೋಸ್ 11 ಸೆಟ್ಟಿಂಗ್ಸ್‌ದಾಗ ನೆಟ್‌ವರ್ಕ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್ ಒಳಗ ಡಿಎನ್‌ಎಸ್ ಅಸೈನ್‌ಮೆಂಟ್ ಅಂತ ಐತಿ, ಅದನ್ನ ಆಟೋಮ್ಯಾಟಿಕ್ ಮಾಡಿದ್ವಿ, ಗೆಳತಿ ಲ್ಯಾಪ್‌ಟಾಪ್‌ದಾಗ ಪೇಜ್ ತಟ್ಟನೆ ಬಂತು. ತಂಗಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದಾಗ ಈ ಸೆಟ್ಟಿಂಗೂ ಅಳಿಸಿ ಹೋಗಿತ್ತು, ಅದಕ್ಕ ವೈಫೈ ನಡೀತು, ಅಂಗಡಿಯವ ಅದನ್ನ ಕಾರ್ಡ್ ಹಾಕಿದ್ದಕ್ಕ ನಡೀತು ಅಂತ ತೋರಿಸಿದ. ನನಗ ಇವತ್ತಿಗೂ ಸಿಟ್ಟು ಬರೋದು ಇದಕ್ಕ.

ಅದಕ್ಕ ನಿಮಗ ಹಿಂಗ ಆದ್ರ ಮೊದಲ ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಅದಕ್ಕ ಕನೆಕ್ಟ್ ಮಾಡ್ರಿ. ನೆಟ್ ಬಂತಂದ್ರ ನಿಮ್ಮ ವೈಫೈ ಕಾರ್ಡ್ ಗಟ್ಟಿ ಐತಿ, ಯಾರು ಏನ್ ಹೇಳಿದ್ರೂ ನಂಬಬ್ಯಾಡ್ರಿ. ವಿಪಿಎನ್ ಇದ್ರ ಬಂದ್ ಮಾಡ್ರಿ, ಡಿಎನ್‌ಎಸ್ ಆಟೋಮ್ಯಾಟಿಕ್ ಐತೇನು ನೋಡ್ರಿ, ಕ್ರೋಮ್‌ದಾಗ ಸೆಕ್ಯೂರ್ ಡಿಎನ್‌ಎಸ್ ಅಂತ ಬ್ಯಾರೆನೇ ಒಂದು ಸೆಟ್ಟಿಂಗ್ ಐತಿ, ಅದನ್ನೂ ಬಂದ್ ಮಾಡಿ ನೋಡ್ರಿ. ತಾರೀಖು ಮತ್ತ ಟೈಮ್ ತಪ್ಪಿದ್ರೂ ಪೇಜ್ ತೆರಿಯೂದಿಲ್ಲ, ಸರ್ಟಿಫಿಕೇಟ್ ಎರರ್ ಬರತೈತಿ. ಆಮ್ಯಾಲ ಆ ವೈಫೈನ ಫರ್ಗೆಟ್ ಕೊಟ್ಟು ಮತ್ತ ಕನೆಕ್ಟ್ ಮಾಡಿ ಬ್ರೌಸರ್‌ದಾಗ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com) ಅಂತ ಹೊಡೀರಿ. ಗೂಗಲ್, ಯೂಟ್ಯೂಬ್ ಹೊಡದ್ರ ಆಗೂದಿಲ್ಲ, ಅವು ಎಚ್‌ಟಿಟಿಪಿಎಸ್, ಅಂದ್ರ ಬೀಗ ಹಾಕಿದ ಸೈಟು, ನಡುವ ಬಂದು ಬ್ಯಾರೆ ಪೇಜ್ ತೋರಿಸಾಕ ಬ್ರೌಸರ್ ಬಿಡೂದಿಲ್ಲ. ಈ ಸೈಟ್ ಬರೀ ಎಚ್‌ಟಿಟಿಪಿ, ಅದಕ್ಕ ವೈಫೈದವ್ರ ಲಾಗಿನ್ ಪೇಜಿಗೆ ದಾರಿ ತಿರುಗತೈತಿ. ಐಪಿಕಾನ್ಫಿಗ್‌ದಾಗ ಕಾಣೋ ಐಪಿ ಅಡ್ರೆಸ್ 169.254 ಅಂತ ಶುರು ಆಗಿದ್ರ ಮಾತ್ರ ವಿಷಯ ಬ್ಯಾರೆ, ಲ್ಯಾಪ್‌ಟಾಪ್‌ಗೆ ವೈಫೈ ಕಡೆಯಿಂದ ಅಡ್ರೆಸ್ಸೇ ಸಿಕ್ಕಿಲ್ಲ ಅಂತ ಅರ್ಥ, ಐಪಿ ಸೆಟ್ಟಿಂಗ್ ಆಟೋಮ್ಯಾಟಿಕ್ ಇದ್ದೂ ಹಂಗ ಬಂದ್ರ ರೂಮ್‌ದವರಿಗೆ ರೂಟರ್ ರೀಸ್ಟಾರ್ಟ್ ಮಾಡಾಕ ಹೇಳ್ರಿ. ಮತ್ತ ಆ ಪೇಜ್ ಮೊಬೈಲ್ ನಂಬರ್, ಓಟಿಪಿ ಬಿಟ್ಟು ಕಾರ್ಡ್ ನಂಬರೋ ಯುಪಿಐ ಪಿನ್ನೋ ಕೇಳಿದ್ರ ತಕ್ಷಣ ಬಂದ್ ಮಾಡ್ರಿ.

ಏನೇ ಆದ್ರೂ ಅಂಗಡಿಗೆ ಹೋಗಲೇಬೇಕು ಅಂದ್ರ 'ಡೇಟಾ ಮುಟ್ಟಂಗಿಲ್ಲ' ಅಂತ ಜಾಬ್ ಶೀಟ್ ಮ್ಯಾಲ ಬರಸ್ರಿ, ಬಾಯಿಮಾತಿಗೆ ಬೆಲೆ ಇಲ್ಲ. ಬಿಟ್ಟು ಬರಬ್ಯಾಡ್ರಿ, ಮುಂದ ಕುಂತು ಮಾಡಿಸ್ರಿ. ಪಾರ್ಟ್ ಬದಲಿ ಮಾಡಿದ್ರ ಹಳೇದನ್ನ ಕೈಗೆ ತಗೊಳ್ರಿ. ಈಗಾಗಲೇ ಮೋಸ ಆಗಿದ್ರ ಯುಪಿಐ ಪೇಮೆಂಟ್ ಸ್ಕ್ರೀನ್‌ಶಾಟ್ ಇಟ್ಕೊಂಡು 1915 ಗ್ರಾಹಕ ಸಹಾಯವಾಣಿಗೆ ಫೋನ್ ಹಚ್ಚ್ರಿ, ನಾವೂ ಹಚ್ಚೇವಿ. ಕ್ರ್ಯಾಕ್ ವಿಂಡೋಸ್ ಹಾಕಿ ಕೊಟ್ಟಿದ್ರ ಅದರಾಗ ಬ್ಯಾಂಕ್, ಜಿಮೇಲ್ ಯಾವುದೂ ತೆರಿಬ್ಯಾಡ್ರಿ, ಬ್ಯಾರೆ ಫೋನಿಂದ ಪಾಸ್‌ವರ್ಡ್ ಎಲ್ಲಾ ಬದಲಿ ಮಾಡಿ, ಮೈಕ್ರೋಸಾಫ್ಟ್ ಸೈಟಿಂದನ ವಿಂಡೋಸ್ ಇಳಿಸ್ಕೊಂಡು ಮತ್ತ ಹಾಕ್ರಿ.