ಹಲಗೆಯ ಮೇಲಿನ ಎರೆಸೀಮೆ: ಹುಬ್ಬಳ್ಳಿಯಲ್ಲಿ ಮಾಡಿಸಿದ ಮಾದರಿ ರೈಲು ಲೇಔಟ್

ಎಂಟಡಿ ಉದ್ದ, ನಾಲ್ಕಡಿ ಅಗಲದ ಮಾದರಿ ರೈಲು ಲೇಔಟ್ ಒಂದನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಗಿರುವ ಸಣ್ಣ ಕಾರ್ಯಾಗಾರವೊಂದರಲ್ಲಿ ಮಾಡಿಸಿ ಮನೆಯ ಮಾಳಿಗೆಯಲ್ಲಿ ಕೂಡಿಸಿಕೊಂಡು ಈಗ ಐದು ತಿಂಗಳಾದವು. ಎಂಜಿನ್, ಬೋಗಿ ಮತ್ತು ಹಳಿಗಳು ನಾನು ವರ್ಷಗಳಿಂದ ಕೂಡಿಟ್ಟವು. ಹಲಗೆ, ವೈರಿಂಗ್, ನೆಲದ ಕೆಲಸ ಹಾಗೂ ದೀಪಗಳ ವ್ಯವಸ್ಥೆ ಅವರದು. ಇಷ್ಟಕ್ಕೆ 42,000 ರೂಪಾಯಿ ಕೊಟ್ಟೆ. ಬಡಗಿಯ ಕೆಲಸ ಅಚ್ಚುಕಟ್ಟಾಗಿದೆ, ನೆಲದ ಕೆಲಸ ಅದಕ್ಕಿಂತ ಚೆಂದವಾಗಿದೆ, ಆದರೆ ಕೊಟ್ಟ ಹಣ ಸಾರ್ಥಕವಾಯಿತು ಎನಿಸಿದ್ದು ಬೆಳಕನ್ನು ನೋಡಿದ ಮೇಲೆ.

ಹುಬ್ಬಳ್ಳಿ ನಿಲ್ದಾಣವನ್ನೇ ಮಾಡಿಸಬೇಕೆಂಬ ಆಸೆಯಿಂದ ನಾನು ಅವರಲ್ಲಿಗೆ ಹೋಗಿದ್ದೆ. ಅವರು ಟೇಪು ಹಿಡಿದು ಲೆಕ್ಕ ತೋರಿಸಿದರು. 1,507 ಮೀಟರ್ ಉದ್ದದ ನಮ್ಮ ಪ್ಲಾಟ್‌ಫಾರ್ಮ್ ಎಚ್‌ಒ ಅಳತೆಯಲ್ಲಿ, ಅಂದರೆ ಒಂದಕ್ಕೆ ಎಂಬತ್ತೇಳರ ಪ್ರಮಾಣದಲ್ಲಿ, 17.3 ಮೀಟರ್ ಆಗುತ್ತದೆ. ಅಷ್ಟು ಉದ್ದದ ಕೋಣೆ ನಮ್ಮಲ್ಲಿ ಯಾರಿಗಿದೆ? ಕೊನೆಗೆ ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ಅಣ್ಣಿಗೇರಿಯ ಆಸುಪಾಸಿನ ಎರೆ ಹೊಲಗಳ ನಡುವೆ ಇರಬಹುದಾದ ಒಂದು ಚಿಕ್ಕ ನಿಲ್ದಾಣ ಎಂದು ತೀರ್ಮಾನವಾಯಿತು. ನಮ್ಮ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,676 ಮಿಲಿಮೀಟರ್ ಆದ್ದರಿಂದ ಈ ಪ್ರಮಾಣದಲ್ಲಿ ಅದು 19 ಮಿಲಿಮೀಟರಿಗಿಂತ ತುಸು ಹೆಚ್ಚಾಗಬೇಕು, ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಗಳಲ್ಲಿ ಈ ಅಂತರ 16.5 ಮಿಲಿಮೀಟರ್ ಮಾತ್ರ. ಈ ಕೊರತೆ ಎದುರಿನಿಂದ ನೋಡಿದರೆ ಕಾಣುತ್ತದೆ, ಪಕ್ಕದಿಂದ ಕಾಣುವುದಿಲ್ಲ. ಇದನ್ನು ಮುಚ್ಚಿಡದೆ ಮೊದಲ ದಿನವೇ ಹೇಳಿದ್ದು ನನಗೆ ಹಿಡಿಸಿತು.

ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೆರಡು ಮಿಲಿಮೀಟರ್ ಪ್ಲೈವುಡ್, ಅಡಿಯಲ್ಲಿ ಮರದ ಚೌಕಟ್ಟು. ಮಳೆಗಾಲದ ತೇವಕ್ಕೆ ಬಾಗದಿರಲೆಂದು ಕೆಳಬದಿಗೂ ಬಣ್ಣ ಬಳಿದಿದ್ದಾರೆ. ಮಾದರಿ ರೈಲಿಗೆ ವಿದ್ಯುತ್ ಬರುವುದು ಹಳಿಯಿಂದಲೇ; ಪ್ರತಿ ಮೂರು ಅಡಿಗೊಂದು ಕಡೆ ಹಳಿಗೆ ವೈರ್ ಬೆಸುಗೆ ಹಾಕಿರುವುದರಿಂದ ರೈಲು ದೂರದ ತಿರುವಿನಲ್ಲಿಯೂ ವೇಗ ಕಳೆದುಕೊಳ್ಳುವುದಿಲ್ಲ.

ನೆಲದ ಮೇಲಿನ ಶ್ರಮವನ್ನು ಮಾತ್ರ ವಿವರಿಸಲೇಬೇಕು. ಬಣ್ಣ ಹಚ್ಚಿದ ಮರದ ಪುಡಿಯ ಬದಲು ಹೊಲದಿಂದಲೇ ಎರೆ ಮಣ್ಣು ತಂದು, ಒಣಗಿಸಿ, ಕುಟ್ಟಿ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿದರು. ಅನಂತರ ಕಾಗದ ಸುತ್ತಿದ ಅಯಸ್ಕಾಂತವನ್ನು ಆ ಪುಡಿಯ ಮೇಲೆ ಹತ್ತಾರು ಸಲ ಆಡಿಸಿದರು. ಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಎಂಜಿನ್ನಿನ ಮೋಟಾರಿನೊಳಗಿನ ಅಯಸ್ಕಾಂತಕ್ಕೆ ಅಂಟಿದರೆ ಮೋಟಾರು ಕೆಡುತ್ತದೆ. ಕಾಗದಕ್ಕೆ ಹತ್ತಿದ ಕಪ್ಪು ಹುಡಿಯನ್ನು ಕಣ್ಣಾರೆ ಕಂಡ ಮೇಲೆ ಈ ಎಚ್ಚರಿಕೆಯ ಬೆಲೆ ನನಗೆ ತಿಳಿಯಿತು. ಮಣ್ಣನ್ನು ತೆಳ್ಳಗೆ ಕಲಸಿ ಬಳಿದು, ಅಂಟು ಹಾಕದೆ ಎರಡು ದಿನ ಬಿಟ್ಟರು. ಎರೆ ಮಣ್ಣಿನ ಗುಣವೇ ಹಾಗಲ್ಲವೇ? ಬೇಸಿಗೆಯ ಹೊಲದಂತೆಯೇ ಅದು ತಾನಾಗಿ ಬಿರುಕು ಬಿಟ್ಟಿತು. ಬಿರುಕುಗಳು ಮೂಡಿದ ಮೇಲಷ್ಟೇ ನೀರು ಬೆರೆಸಿದ ಫೆವಿಕಾಲನ್ನು ಹನಿಹನಿಯಾಗಿ ಸಿಂಪಡಿಸಿ ನೆಲವನ್ನು ಗಟ್ಟಿ ಮಾಡಿದರು. ಹಳಿಯ ಕೆಳಗಿನ ಜಲ್ಲಿಗೆ ಎಂ-ಸ್ಯಾಂಡನ್ನು ಜರಡಿ ಹಿಡಿದು ಮುಕ್ಕಾಲು ಮಿಲಿಮೀಟರ್ ಮೀರದ ಕಣಗಳನ್ನಷ್ಟೇ ಆರಿಸಿಕೊಂಡರು.

ಇನ್ನು ಬೆಳಕು. ಮೊದಲು ಮೇಲಿನ ಚೌಕಟ್ಟಿಗೆ ಉದ್ದಕ್ಕೂ ಎಲ್‌ಇಡಿ ಪಟ್ಟಿ ಅಂಟಿಸಿದ್ದರು. ಹೊಳಪಿಗೆ ಕೊರತೆಯಿರಲಿಲ್ಲ, ಆದರೆ ಪ್ರತಿ ಜಾಲಿ ಗಿಡಕ್ಕೂ ಬಾಚಣಿಗೆಯ ಹಲ್ಲುಗಳಂತೆ ಸಾಲು ಸಾಲು ನೆರಳು ಬೀಳುತ್ತಿತ್ತು, ಎರೆ ನೆಲವಂತೂ ಬರಿಯ ಕಪ್ಪು ಬಟ್ಟೆಯಂತೆ ಕಾಣುತ್ತಿತ್ತು. ನಾನು ಏನೂ ಹೇಳುವ ಮೊದಲೇ ದೀಪದ ಕೆಲಸದ ಹುಡುಗ, “ಸೂರ್ಯ ಒಬ್ಬನ ಇರತಾನ್ರೀ ಸರ, ಇದನ್ನ ತಗೀತೇನಿ” ಎಂದು ಪಟ್ಟಿಗೆ ಹಾಲುಬಣ್ಣದ ಹೊದಿಕೆ ಹಾಕಿ, ಅದರ ಹೊಳಪನ್ನು ಇಳಿಸಿ, ಪಶ್ಚಿಮದ ತುದಿಯಲ್ಲಿ, ಅಂದರೆ ಹುಬ್ಬಳ್ಳಿಯ ದಿಕ್ಕಿನಲ್ಲಿ, 3,000 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ ಬೆಳಕಿನ, ಒಂದೇ ದೀಪವನ್ನು ತಗ್ಗಿನಲ್ಲಿ ನಿಲ್ಲಿಸಿದ. ಆ ಓರೆ ಬೆಳಕಿಗೆ ನೆಲದ ಒಂದೊಂದು ಬಿರುಕೂ ಎದ್ದು ಕಂಡಿತು; ಬೋಗಿಗಳ ನೆರಳು ಪ್ಲಾಟ್‌ಫಾರ್ಮ್ ದಾಟಿ ಹೊಲದವರೆಗೆ ಚಾಚಿತು. ಗದಗಿನ ಕಡೆಗೆ ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು ಹೋದವರಿಗೆ ಆ ನೆರಳು ಗೊತ್ತಿರುತ್ತದೆ. ಈ ದೀಪವನ್ನು ಕೊಳ್ಳುವಾಗ ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣಾಂಕ, ಅಂದರೆ ಸಿಆರ್‌ಐ, 90ಕ್ಕಿಂತ ಹೆಚ್ಚಿರುವುದನ್ನೇ ಅವರು ಆರಿಸಿದ್ದರು. ಹಳೆಯ ಪಟ್ಟಿಯಲ್ಲಿ ಕಂದಾಗಿ ಕಾಣುತ್ತಿದ್ದ ಮೆಣಸಿನಕಾಯಿ ರಾಶಿ ಈಗ ಕೆಂಪಗೆ ಕಾಣುತ್ತಿರುವುದು ಅದರಿಂದಲೇ.

ದೋಷವಿಲ್ಲ ಎನ್ನಲಾರೆ. ಫೋಟೊ ತೆಗೆಯಲು ಹೋದಾಗ ಪ್ರತಿ ಚಿತ್ರದಲ್ಲಿಯೂ ಅಡ್ಡಡ್ಡಲಾಗಿ ಕಪ್ಪು ಪಟ್ಟೆಗಳು ಮೂಡಿದವು. ಅವರು ಹಾಕಿದ್ದ ಡಿಮ್ಮರ್ ದೀಪವನ್ನು ಕಣ್ಣಿಗೆ ಕಾಣದ ವೇಗದಲ್ಲಿ ಆರಿಸಿ ಹೊತ್ತಿಸಿ ಹೊಳಪು ಕಡಿಮೆ ಮಾಡುವ ಬಗೆಯದು. ಕಣ್ಣು ಅದನ್ನು ಗುರುತಿಸದಿದ್ದರೂ ಕ್ಯಾಮೆರಾ ಗುರುತಿಸುತ್ತದೆ. ಫೋಟೊಗಾಗಿಯೇ ಮಾಡಿಸುತ್ತಿದ್ದೇನೆಂದು ನಾನು ಆರಂಭದಲ್ಲಿಯೇ ತಿಳಿಸಿದ್ದರಿಂದ ಇದನ್ನು ಅವರೇ ಪರೀಕ್ಷಿಸಿ ಕೊಡಬೇಕಿತ್ತು. ಫೋನ್ ಮಾಡಿದ ಮೇಲೆ ಬಂದು, ಹೆಚ್ಚು ವೇಗದ ಡಿಮ್ಮರನ್ನು ಹಣ ಕೇಳದೆ ಹಾಕಿಕೊಟ್ಟರು, ಆದರೆ ಅದಕ್ಕೆ ಮೂರು ವಾರ ಕಾಯಬೇಕಾಯಿತು.

ಈಗ ಚಿತ್ರಗಳು ಮನಸ್ಸಿಗೆ ಒಪ್ಪುವಂತೆ ಬರುತ್ತಿವೆ. ನಿಂತ ಮನುಷ್ಯನ ಕಣ್ಣಿನ ಎತ್ತರ ಈ ಪ್ರಮಾಣದಲ್ಲಿ ಎರಡು ಸೆಂಟಿಮೀಟರಿಗೂ ಕಡಿಮೆ, ಆದ್ದರಿಂದ ಮೊಬೈಲನ್ನು ತಲೆಕೆಳಗಾಗಿಸಿ, ಲೆನ್ಸ್ ನೆಲಕ್ಕೆ ತಾಗುವಷ್ಟು ತಗ್ಗಿಸಿ ಹಳಿಯ ಪಕ್ಕದಲ್ಲಿಡುತ್ತೇನೆ. ದೊಡ್ಡ ಕ್ಯಾಮೆರಾ ಬಳಸಿದರೆ ಟ್ರೈಪಾಡ್ ಮೇಲೆ ಎಫ್ 16ರಲ್ಲಿ, ಅಂದರೆ ಲೆನ್ಸಿನ ಕಂಡಿಯನ್ನು ಕಿರಿದಾಗಿಸಿ, ದೀರ್ಘ ಎಕ್ಸ್‌ಪೋಶರ್ ಕೊಡುತ್ತೇನೆ. ಇಲ್ಲದಿದ್ದರೆ ಎಂಜಿನ್ನಿನ ಮುಖ ಮಾತ್ರ ಸ್ಪಷ್ಟವಾಗಿ, ಹಿಂದಿನ ಬೋಗಿಗಳೆಲ್ಲ ಮಸುಕಾಗಿ, ಅದು ಆಟಿಕೆಯೆಂಬುದು ತಕ್ಷಣ ತಿಳಿದುಬಿಡುತ್ತದೆ.

ಹೊಸದಾಗಿ ಮಾಡಿಸುವವರು ಹಣ ಪೂರ್ತಿ ಕೊಡುವ ಮೊದಲು ದೀಪಗಳ ಹೊಳಪು ತಗ್ಗಿಸಿ ತಮ್ಮದೇ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು ನೋಡಲಿ. ನಾನು ನಿಲ್ದಾಣದ ಕಟ್ಟಡದೊಳಗೆ ರಾತ್ರಿಯ ದೀಪಗಳನ್ನು ಹಾಕಿಸಲು ಮುಂದಿನ ತಿಂಗಳು ಅದೇ ಕಾರ್ಯಾಗಾರಕ್ಕೆ ಹೋಗುತ್ತಿದ್ದೇನೆ.